ಕೆರೆಯ ದಡದಲ್ಲಿ ಕಲಿಯಬೇಕಾದ ಪದವಿ

ನೀಟ್ ಫಲಿತಾಂಶ ಬಂದು ಮೆಡಿಕಲ್ ಸೀಟಿನ ಆಸೆ ಕೈಬಿಟ್ಟ ಮೇಲೆಯೇ ಎಷ್ಟೋ ಮನೆಗಳಲ್ಲಿ ಬಿಎಸ್‌ಸಿಯ ಮಾತು ಏಳುವುದು. ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ತೆಗೆದುಕೊಳ್ಳಲೋ, ಬಯೋಟೆಕ್ನಾಲಜಿಯೋ, ಈಗೀಗ ಹೆಚ್ಚು ಕೇಳಿಬರುತ್ತಿರುವ ಪರಿಸರ ವಿಜ್ಞಾನವೋ ಎಂಬ ಚರ್ಚೆ ನಡೆಯುತ್ತದೆ. ‘ಅದನ್ನು ಓದಿದರೆ ಮುಂದೇನು?’ ಎಂದು ಬಂಧುಗಳಲ್ಲಿ ಒಬ್ಬರಾದರೂ ಕೇಳುತ್ತಾರೆ. ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಪದವಿಯ ಮೂರು ವರ್ಷ, ಸ್ನಾತಕೋತ್ತರದ ಎರಡು ವರ್ಷ ಕಳೆದ ಮೇಲೆ ವಿದ್ಯಾರ್ಥಿಯ ಕೈಗೆ ಬಂದಿರುವ ವಿದ್ಯೆ ಯಾವುದು?

ನನ್ನ ಉತ್ತರ ಚಿಕ್ಕದು. ಜೀವವಿಜ್ಞಾನ, ಪರಿಸರ ವಿಜ್ಞಾನ ಓದಿದವರಿಗೆ ಎರಡು ಕೆಲಸ ಬರಲೇಬೇಕು. ಕಣ್ಣೆದುರಿನ ಜೀವಿ ಯಾವುದೆಂದು ಗುರುತಿಸುವುದು ಒಂದು. ಕಂಡದ್ದನ್ನು ಬೇರೆಯವರೂ ಪರೀಕ್ಷಿಸಿ ನೋಡಲು ಬರುವಂತೆ ಅಳೆದು ದಾಖಲಿಸುವುದು ಇನ್ನೊಂದು. ಮಿಕ್ಕದ್ದೆಲ್ಲ ಪುಸ್ತಕದಲ್ಲಿದೆ, ಮೊಬೈಲಿನಲ್ಲೂ ಇದೆ. ಇವೆರಡು ಮಾತ್ರ ಕೆರೆ ದಡದಲ್ಲಿ, ಗದ್ದೆಯ ಬದುವಿನ ಮೇಲೆ, ಕಾಡಿನೊಳಗೆ, ಬಲ್ಲವರ ಪಕ್ಕ ನಿಂತು ಕಲಿಯುವಂಥವು. ನಮ್ಮ ಕಾಲೇಜುಗಳಲ್ಲಿ ಸವೆಯುತ್ತಿರುವುದೂ ಇವೇ.

ನೀರಿನಿಂದಲೇ ಶುರು ಮಾಡೋಣ. ಕೆರೆಯ ನೀರಿನಲ್ಲಿ ಕರಗಿರುವ ಆಮ್ಲಜನಕ ಎಷ್ಟು ಎಂದು ಕಂಡುಹಿಡಿಯುವುದು ಪರಿಸರ ವಿಜ್ಞಾನದ ಪ್ರತಿ ವಿದ್ಯಾರ್ಥಿಯೂ ಮಾಡುವ ಪ್ರಯೋಗ. ಅದಕ್ಕೆ ವಿಂಕ್ಲರ್ ವಿಧಾನ ಎನ್ನುತ್ತಾರೆ. 300 ಮಿಲಿಲೀಟರಿನ ಗಾಜಿನ ಬಾಟಲಿಯನ್ನು ನೀರಿನೊಳಗೆ ಮುಳುಗಿಸಿ, ಒಂದೇ ಒಂದು ಗಾಳಿಗುಳ್ಳೆಯೂ ಒಳಗೆ ಉಳಿಯದ ಹಾಗೆ ತುಂಬಿ, ಬಿರಟೆ ಹಾಕಬೇಕು. ಗುಳ್ಳೆ ಉಳಿಯಿತೋ, ಗಾಳಿಯ ಆಮ್ಲಜನಕವೂ ಲೆಕ್ಕಕ್ಕೆ ಸೇರಿ ಕೆರೆ ಇರುವುದಕ್ಕಿಂತ ಆರೋಗ್ಯವಾಗಿ ಕಾಣುತ್ತದೆ. ಆಮೇಲೆ ದಡದಲ್ಲೇ ಕೂತು ಪಿಪೆಟ್ಟಿನ ತುದಿಯನ್ನು ನೀರಿನ ಮಟ್ಟದ ಕೆಳಗಿಳಿಸಿ ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರೀಯ ಅಯೋಡೈಡನ್ನೂ ಬಿಡುತ್ತಾರೆ. ಬಾಟಲಿ ಮಗುಚಿ ಮಗುಚಿ ಅಲ್ಲಾಡಿಸಿದರೆ ಒಳಗೆ ಕಂದು ಬಣ್ಣದ ಮೋಡದಂಥ ಗಸಿ ಏಳುತ್ತದೆ. ಬಣ್ಣ ಗಾಢವಾದಷ್ಟೂ ಆಮ್ಲಜನಕ ಹೆಚ್ಚು. ಕೊಳಚೆ ತುಂಬಿದ ಕೆರೆಯಾದರೆ ಗಸಿ ಬೆಳ್ಳಗೇ ಉಳಿಯುತ್ತದೆ. ಲೆಕ್ಕ ಹಾಕುವ ಮೊದಲೇ, ಈ ನೀರಿನಲ್ಲಿ ಮೀನು ಬದುಕಲಾರದು ಎಂದು ಆ ಬಿಳಿ ಬಣ್ಣವೇ ಹೇಳಿರುತ್ತದೆ.

ಉಳಿದದ್ದು ಪ್ರಯೋಗಾಲಯದ ಕೆಲಸ. ಸಲ್ಫ್ಯೂರಿಕ್ ಆಮ್ಲ ಹಾಕಿದಾಗ ಗಸಿ ಕರಗಿ ಅಯೋಡಿನ್ನಿನ ಹಳದಿ ಬಣ್ಣ ಬರುತ್ತದೆ. ಬ್ಯೂರೆಟ್ಟಿನಿಂದ ಸೋಡಿಯಂ ಥಯೋಸಲ್ಫೇಟ್ ಹನಿಹನಿಯಾಗಿ ಇಳಿದಂತೆ ಆ ಹಳದಿ ತೆಳುವಾಗುತ್ತ, ಒಣ ಹುಲ್ಲಿನ ಬಣ್ಣಕ್ಕೆ ಬಂದಾಗ ಸ್ಟಾರ್ಚ್ ಹಾಕಿದರೆ ಕಡುನೀಲಿ. ಮತ್ತೆ ಹನಿ ಬಿಡುತ್ತ ಹೋಗಿ, ನೀಲಿ ಮಾಯವಾದ ಹನಿಗೆ ನಿಲ್ಲಿಸಬೇಕು. ಖರ್ಚಾದ ಥಯೋಸಲ್ಫೇಟಿನಿಂದ ಆಮ್ಲಜನಕದ ಲೆಕ್ಕ ಸಿಗುತ್ತದೆ. ಸ್ನಾನಕ್ಕೆ ಬಳಸುವ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ, ಮೀನು ಮತ್ತು ವನ್ಯಜೀವಿಗಳಿಗಾದರೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ.

ಈ ಪ್ರಯೋಗದ ನಿಜವಾದ ಪಾಠ ಬ್ಯೂರೆಟ್ಟಿನಲ್ಲಿಲ್ಲ, ಗಡಿಯಾರದಲ್ಲಿದೆ. ಪಾಚಿ ತುಂಬಿದ ಕೆರೆಯಿಂದ ಒಬ್ಬರು ಬೆಳಗಿನ ಆರಕ್ಕೆ ನೀರು ತರಲಿ, ಇನ್ನೊಬ್ಬರು ಮಧ್ಯಾಹ್ನ ಮೂರಕ್ಕೆ ತರಲಿ. ಎರಡು ಅಂಕಿಗಳಿಗೂ ತಾಳಮೇಳವೇ ಇರುವುದಿಲ್ಲ. ಹಗಲೆಲ್ಲ ಬಿಸಿಲು ಹೀರಿ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೂ ಉಸಿರಾಡುತ್ತದೆ, ತಳದ ಬ್ಯಾಕ್ಟೀರಿಯಾಗಳೂ ಉಸಿರಾಡುತ್ತವೆ. ನಸುಕಿನ ಹೊತ್ತಿಗೆ ಕೆರೆಯಲ್ಲಿ ಆಮ್ಲಜನಕ ತೀರಾ ಕೆಳಗಿಳಿದಿರುತ್ತದೆ. ಕೆರೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲುವ ಸುದ್ದಿ ಹೆಚ್ಚಾಗಿ ಬೆಳಗಿನ ಹೊತ್ತು ಬರುವುದು ಇದೇ ಕಾರಣಕ್ಕೆ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯ ದಡದಲ್ಲಿ ಸತ್ತ ಮೀನಿನ ರಾಶಿ ಕಂಡಾಗ ಊರೇ ಕಾರಣ ಕೇಳಿತು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದಾಗಲೂ, 2017ರ ಫೆಬ್ರುವರಿಯಲ್ಲಿ ಆ ಕೆರೆಯಿಂದ ಹೊಗೆ ಎದ್ದಾಗಲೂ ಕೇಳಿತು. ಅಂಥ ಹೊತ್ತಿನಲ್ಲಿ ಉತ್ತರ ಕೊಡಬೇಕಾದವರು ಸರಿಯಾದ ಸಮಯಕ್ಕೆ, ಸರಿಯಾದ ಜಾಗದಲ್ಲಿ, ಗುಳ್ಳೆಯಿಲ್ಲದ ಬಾಟಲಿ ತುಂಬಲು ಬಲ್ಲವರು. ಮಾದರಿ ತೆಗೆದ ಹೊತ್ತು ಬರೆಯದ ವರದಿಯ ಅಂಕಿ ಎಷ್ಟು ದಶಮಾಂಶ ಸ್ಥಾನ ಹೊತ್ತಿದ್ದರೂ ಅದನ್ನು ನಂಬುವಂತಿಲ್ಲ.

ಅಳತೆಯಿಂದ ಸರ್ಕಾರದ ತಿಳಿವಳಿಕೆಯೇ ಬದಲಾದ ಕಥೆ ಉತ್ತರ ಕನ್ನಡದಲ್ಲೇ ಇದೆ. 1970ರ ದಶಕದಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಹೋಗುತ್ತಿದ್ದ ಬಿದಿರು ಬರಿದಾಗುತ್ತ ಬಂದಾಗ, ಕಾರಣ ಹುಡುಕುವ ಕೆಲಸ ಮಾಧವ ಗಾಡ್ಗೀಳರ ಪಾಲಿಗೆ ಬಂತು. ಹಾರ್ವರ್ಡಿನಲ್ಲಿ ಗಣಿತದ ಮೂಲಕ ಜೀವಪರಿಸರ ಅಧ್ಯಯನ ಮಾಡಿ ಬಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ್ದ ವಿಜ್ಞಾನಿ ಅವರು. ಮುಳ್ಳುಬಿದಿರಿನ ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳುಕೊಂಬೆಗಳನ್ನು ಸವರಿದರೆ ಕಳಲೆಗೆ ಜಾಗ ಸಿಕ್ಕಿ ಮೆಳೆ ಚೆನ್ನಾಗಿ ಬೆಳೆಯುತ್ತದೆ ಎಂಬುದು ಆಗ ಅರಣ್ಯ ನಿರ್ವಹಣೆಯಲ್ಲಿ ನಡೆದುಬಂದಿದ್ದ ನಂಬಿಕೆ. ಊರಿನವರು ಹೇಳುತ್ತಿದ್ದುದು ಬೇರೆ: ಮುಳ್ಳು ತೆಗೆದರೆ ಎಳೆಯ ಕಳಲೆಗೆ ಕಾವಲೇ ಇಲ್ಲ, ದನವೂ ಕಾಡುಪ್ರಾಣಿಯೂ ತಿಂದು ಮುಗಿಸುತ್ತವೆ. ಗಾಡ್ಗೀಳರೂ ಅವರ ಸಂಗಡಿಗ ಎಸ್. ನರೇಂದ್ರ ಪ್ರಸಾದರೂ ಮೆಳೆಗಳನ್ನು ಹಿಂಬಾಲಿಸಿ, ಎಷ್ಟು ಕಳಲೆ ಹುಟ್ಟಿತು, ಎಷ್ಟು ಉಳಿಯಿತು ಎಂದು ಲೆಕ್ಕವಿಟ್ಟರು. ಊರವರ ಮಾತೇ ಸರಿಯಿತ್ತು.

ಈ ಕಥೆಯನ್ನು ಹಳ್ಳಿಯ ಜಾಣತನದ ಹೊಗಳಿಕೆಯಾಗಿ ಮಾತ್ರ ಓದುವವರಿದ್ದಾರೆ. ನನಗೆ ಅದರಲ್ಲಿ ಅಷ್ಟೇ ಮುಖ್ಯವಾಗಿ ಕಾಣುವುದು ಎಣಿಕೆ. ಊರವರಿಗೆ ಗೊತ್ತಿತ್ತು, ಆದರೆ ಅವರ ಮಾತು ಕಡತ ಸೇರುತ್ತಿರಲಿಲ್ಲ. ಮೆಳೆಯ ಮುಂದೆ ಕೂತು ಕಳಲೆ ಎಣಿಸಿದ ಮೇಲೆ ಅದು ಯಾರೂ ತಳ್ಳಿಹಾಕಲಾಗದ ಮಾತಾಯಿತು. ವಿಶ್ವವಿದ್ಯಾಲಯದ ವಿದ್ಯಾರ್ಥಿ ಕೇಳಿಸಿಕೊಳ್ಳುವುದನ್ನೂ ಕಲಿಯಬೇಕು, ಎಣಿಸುವುದನ್ನೂ ಕಲಿಯಬೇಕು.

ಇನ್ನು ಗುರುತಿಸುವ ವಿದ್ಯೆ. ಕನ್ನಡದ ಓದುಗರಿಗೆ ಈ ವಿದ್ಯೆಯ ರುಚಿ ಹತ್ತಿಸಿದವರು ಬಿ.ಜಿ.ಎಲ್. ಸ್ವಾಮಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಘಟ್ಟದ ಕಾಡು ಸುತ್ತಿದ ಅನುಭವವೇ ‘ಹಸುರು ಹೊನ್ನು’ ಆಯಿತು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದು ವಿಷಯದ ಕ್ಷೇತ್ರಪ್ರವಾಸ ಒಂದು ಭಾಷೆಯ ಸಾಹಿತ್ಯಕ್ಕೆ ಇಷ್ಟು ದೊಡ್ಡ ಕಾಣಿಕೆ ಕೊಟ್ಟ ಇನ್ನೊಂದು ಉದಾಹರಣೆ ನನಗೆ ಹೊಳೆಯುತ್ತಿಲ್ಲ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನಾ ಅವರು ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕೋಲ್ಸನ್ ಜೊತೆ ಸೇರಿ 1976ರಲ್ಲಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಹೊರತಂದರು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕೆ. ಗೋಪಾಲಕೃಷ್ಣ ಭಟ್ಟರು ಮೊದಲು ಉಡುಪಿಯ, ನಂತರ ಇಡೀ ದಕ್ಷಿಣ ಕನ್ನಡದ ಸಸ್ಯಗಳನ್ನು ದಾಖಲಿಸಿದರು. ಮೂವರೂ ಕಾಲೇಜಿನ ಮೇಷ್ಟರುಗಳು ಎಂಬುದನ್ನು ಗಮನಿಸಬೇಕು. ದೊಡ್ಡ ಪ್ರಯೋಗಾಲಯ, ಕೋಟಿಗಟ್ಟಲೆ ಅನುದಾನ ಇದ್ದರೆ ಮಾತ್ರ ಸಂಶೋಧನೆ ಎನ್ನುವವರಿಗೆ ಇವರ ಪುಸ್ತಕಗಳನ್ನು ತೋರಿಸಬೇಕು.

ಗಿಡ ಗುರುತಿಸುವುದು ಹೇಗೆ ಎಂದು ಹತ್ತಿರದಿಂದ ನೋಡಿದರೆ ಈ ಕೆಲಸದ ಗಾಂಭೀರ್ಯ ತಿಳಿಯುತ್ತದೆ. ಮಲೆನಾಡಿನಿಂದ ಬಂದ ಹುಡುಗನೊಬ್ಬ ಮತ್ತಿಯ ಮರವನ್ನು ದೂರದಿಂದಲೇ ಹೇಳಿಬಿಡುತ್ತಾನೆ. ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕವಾಗಿ ಒಡೆದ ತೊಗಟೆ ಸಾಕು ಅವನಿಗೆ. ನಂದಿಯಾದರೆ ನುಣುಪಾದ ಬಿಳಿ ಕಾಂಡ. ಹೊನ್ನೆಗೆ ಕತ್ತಿಯೇಟು ಬಿದ್ದರೆ ಕೆಂಪು ರಸ. ತರಗತಿಯಲ್ಲಿ ಅವನು ಕಲಿಯುವುದು ಇದರ ಮುಂದಿನದು: ಎಲೆಯನ್ನು ಮಗುಚಿ, ತೊಟ್ಟಿನ ಬಳಿ ನಡುನರದ ಬುಡದಲ್ಲಿ ಮತ್ತಿಗೆ ಎರಡು ಗ್ರಂಥಿಗಳಿರುವುದನ್ನು ಭೂತಗನ್ನಡಿಯಲ್ಲಿ ನೋಡುವುದು, ಅದೇ ಕುಲದ ಕಿಂದಳ, ತಾರೆಗಳಿಂದ ಅದನ್ನು ಬೇರ್ಪಡಿಸುವುದು, ಹೂವಿನ ಭಾಗಗಳನ್ನು ಬಿಡಿಸಿ ಕೀಲಿಕೋಷ್ಟಕದಲ್ಲಿ ಹೆಜ್ಜೆ ಹೆಜ್ಜೆಯಾಗಿ ಇಳಿದು ಹೆಸರಿಗೆ ತಲುಪುವುದು. ಹೂ ಕಾಯಿ ಇರುವ ರೆಂಬೆಯನ್ನು ಕತ್ತರಿಸಿ ಹಳೇ ಪತ್ರಿಕೆಗಳ ನಡುವೆ ಹರಡಿ, ಪ್ರೆಸ್ಸಿನಲ್ಲಿ ಬಿಗಿದು, ಮೊದಲ ದಿನಗಳಲ್ಲಿ ದಿನವೂ ಕಾಗದ ಬದಲಿಸಿ ಒಣಗಿಸಬೇಕು. ಮಳೆಗಾಲದಲ್ಲಿ ಒಂದು ದಿನ ಮರೆತರೂ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಹೂವಿನ ಬಣ್ಣ ಹಾರಿಹೋಗುವುದರಿಂದ ಕಿತ್ತ ಜಾಗದಲ್ಲೇ ಬಣ್ಣ ಬರೆದಿಟ್ಟುಕೊಳ್ಳಬೇಕು. ಊರು, ದಿನಾಂಕ, ಸಮುದ್ರಮಟ್ಟದಿಂದ ಎತ್ತರ, ಸಂಗ್ರಹಿಸಿದವರ ಹೆಸರು, ಊರಲ್ಲಿ ಅದನ್ನು ಕರೆಯುವ ಹೆಸರು ಎಲ್ಲವೂ ಚೀಟಿಯಲ್ಲಿರಬೇಕು. ಹೀಗೆ ಹಾಳೆಗೆ ಹೊಲಿದ ಗಿಡವೇ ಹರ್ಬೇರಿಯಂ ಮಾದರಿ. ನೂರು ವರ್ಷ ಕಳೆದ ಮೇಲೂ ‘ಈ ಗಿಡ ಇಲ್ಲಿತ್ತು’ ಎಂಬುದಕ್ಕೆ ಅದೇ ಸಾಕ್ಷಿ. ಡಿಎನ್‌ಎ ನೋಡಿ ಪ್ರಭೇದ ಹೇಳುವ ಕಾಲ ಬಂದಿದೆಯಲ್ಲ ಎನ್ನಬಹುದು. ಆ ಡಿಎನ್‌ಎಯನ್ನು ಹೋಲಿಸಿ ನೋಡಲು ಸರಿಯಾಗಿ ಹೆಸರಿಟ್ಟ ಮಾದರಿ ಮೊದಲು ಇರಬೇಕಲ್ಲ.

ಇಷ್ಟೆಲ್ಲ ಹುಡುಕಿದ ಮೇಲೂ ಹೊಸತು ಉಳಿದಿದೆಯೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೆ ಹೋಗಿ ನೋಡಬೇಕು. ಹೊನ್ನಾವರದ ಹೆದ್ದಾರಿಗೆ ತಾಗಿದಂತೆಯೇ ಇರುವ ಈ ಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ಜಿನುಗುವ ಕೆಸರಿನಲ್ಲಿ ಮರಗಳು ಊರುಗೋಲಿನಂಥ ಬೇರುಗಳ ಮೇಲೆ ನಿಂತಿವೆ. ಕೆಸರಿನಿಂದ ಮಂಡಿಯಂತೆ ಬಾಗಿ ಮೇಲೆದ್ದ ಬೇರುಗಳು ಉಸಿರಾಟಕ್ಕೆ. 2000ದಲ್ಲಿ ಇಲ್ಲಿಂದ ಗೇರಿನ ಕುಟುಂಬದ ಒಂದು ಹೊಸ ಮರವನ್ನು ವಿಜ್ಞಾನಕ್ಕೆ ಪರಿಚಯಿಸಲಾಯಿತು. ಅದರ ಹೆಸರಿನಲ್ಲೇ ಕತ್ತಲೆಕಾನು ಇದೆ: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಪೊದೆಯೋ ಹುಲ್ಲೋ ಆಗಿದ್ದರೆ ಕಣ್ತಪ್ಪಿತು ಎನ್ನಬಹುದಿತ್ತು. ರಸ್ತೆಯ ಪಕ್ಕದ ಕಾಡಿನ ಎತ್ತರದ ಮರಕ್ಕೆ 20ನೇ ಶತಮಾನದ ಕೊನೆಯವರೆಗೂ ವಿಜ್ಞಾನದಲ್ಲಿ ಹೆಸರಿರಲಿಲ್ಲ.

ಅದೇ ಸೀಮೆಯ ತೊರೆಗಳಿಂದ 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಒಂದು ಕಪ್ಪೆಯನ್ನು ವರ್ಣಿಸಿದರು. ನೀರಿನ ಮೇಲೆ ಚಾಚಿದ ಕಡ್ಡಿಗೋ ಬಂಡೆಗೋ ಹೆಣ್ಣು ಮೊಟ್ಟೆ ಅಂಟಿಸಿ ಹೋದ ಮೇಲೆ, ಗಂಡು ಹಿಂಗಾಲಿನ ಮೇಲೆ ನಿಂತು, ತೊರೆಯ ತಳದಿಂದ ಮುಂಗೈಯಲ್ಲಿ ಕೆಸರು ಎತ್ತಿ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮಣ್ಣಿನ ಕೆಲಸ ಮಾಡುವ ಆ ಕಪ್ಪೆಗೆ ನಿಕ್ಟಿಬಟ್ರಾಕಸ್ ಕುಂಬಾರ ಎಂದು ಹೆಸರಿಟ್ಟರು. ಮಳೆಗಾಲದ ರಾತ್ರಿ, ಜಿಗಣೆಗಳ ನಡುವೆ ಟಾರ್ಚ್ ಹಿಡಿದು ತೊರೆಯಲ್ಲಿ ಕಾದು ನಿಂತವರಿಗೆ ಮಾತ್ರ ಕಾಣುವ ಸಂಗತಿ ಇದು.

ಒಂದು ಕಾಲದಲ್ಲಿ ಬಿಎಸ್‌ಸಿ ಪ್ರಾಣಿಶಾಸ್ತ್ರ ಎಂದರೆ ಕಪ್ಪೆ ಕೊಯ್ಯುವುದು ಎಂದೇ ಜನ ತಿಳಿದಿದ್ದರು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2011ರಲ್ಲಿ ಅದನ್ನು ಹಂತ ಹಂತವಾಗಿ ಕೈಬಿಡಲು ಹೇಳಿ, 2014ರಲ್ಲಿ ಪೂರ್ತಿ ನಿಲ್ಲಿಸಿತು. ಸರಿಯಾದ ನಿರ್ಧಾರ. ಸಾವಿರಾರು ಕಾಲೇಜುಗಳಿಗೆ ಪ್ರತಿ ವರ್ಷ ಗದ್ದೆಯಿಂದ ಕಪ್ಪೆ ಹಿಡಿದು ತರುವುದರಲ್ಲಿ ಅರ್ಥವಿರಲಿಲ್ಲ. ಆದರೆ ಕೊಯ್ಯುವ ಮೇಜು ಖಾಲಿಯಾದ ಮೇಲೆ ಆ ಗಂಟೆಗಳು ಎಲ್ಲಿ ಹೋದವು? ಹೆಚ್ಚಿನ ಕಡೆ ಕಂಪ್ಯೂಟರ್ ಪರದೆಗೆ, ಚಾರ್ಟುಗಳಿಗೆ ಹೋದವು. ಅವು ಗದ್ದೆಯ ಬದುವಿಗೆ ಹೋಗಬಹುದಿತ್ತು. ಮಳೆ ಬಿದ್ದ ರಾತ್ರಿ ಹೊಂಡದ ಬಳಿ ನಿಂತರೆ ಬದುಕಿರುವ ಕಪ್ಪೆಗಳನ್ನು ಕೂಗಿನಿಂದಲೇ ಬೇರೆ ಬೇರೆ ಪ್ರಭೇದವೆಂದು ಗುರುತಿಸಲು ಕಲಿಯಬಹುದು. ಅದಕ್ಕೆ ಅನುಮತಿಯೂ ಬೇಡ, ಖರ್ಚೂ ಇಲ್ಲ.

ಪರಿಸರದ ಪಾಠ ಎಲ್ಲರಿಗೂ ಕಡ್ಡಾಯವಾದದ್ದೂ ಹೀಗೇ ಅರ್ಧ ದಾರಿಯಲ್ಲಿ ನಿಂತಿದೆ. ವಕೀಲ ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲೇ ಆದೇಶ ಕೊಟ್ಟಿತು. 2003ರಲ್ಲಿ ಮತ್ತೆ ಬಿಗಿ ಮಾಡಿದ ನಂತರ ಯುಜಿಸಿ ಎಲ್ಲ ಪದವಿಗಳಿಗೂ ಆರು ತಿಂಗಳ ಪಠ್ಯ ರೂಪಿಸಿತು. ಬಿಕಾಂ ವಿದ್ಯಾರ್ಥಿಯಿಂದ ಎಂಜಿನಿಯರಿಂಗ್ ವಿದ್ಯಾರ್ಥಿಯವರೆಗೆ ಎಲ್ಲರೂ ಓದಬೇಕಾದದ್ದು ಅದು. ಆ ಪಠ್ಯವನ್ನು ಬರೆದವರು ಬಯಲನ್ನು ಮರೆತಿರಲಿಲ್ಲ. 100 ಅಂಕಗಳಲ್ಲಿ 25 ಅಂಕ ಕ್ಷೇತ್ರಕಾರ್ಯಕ್ಕೇ ಇತ್ತು: ಹತ್ತಿರದ ನದಿ, ಕೆರೆ, ಬೆಟ್ಟ, ಕಸದ ಗುಡ್ಡೆ ಯಾವುದನ್ನಾದರೂ ಹೋಗಿ ನೋಡಿ ಬರೆಯಬೇಕು. ಎಷ್ಟೋ ಕಾಲೇಜುಗಳಲ್ಲಿ ಆ 25 ಅಂಕ ಹಿಂದಿನ ವರ್ಷದ ಪ್ರಾಜೆಕ್ಟ್ ಪುಸ್ತಕದ ನಕಲಿಗೆ ಸಂದಾಯವಾಗುತ್ತ ಬಂತು. ಇಡೀ ದೇಶದ ಪದವೀಧರರನ್ನು ಒಂದು ದಿನವಾದರೂ ಕೆರೆಗೆ ಕರೆದೊಯ್ಯಬಹುದಾಗಿದ್ದ ಅವಕಾಶ ಇದು. ಇದನ್ನು ಹೀಗೆ ಬಿಟ್ಟುಕೊಟ್ಟದ್ದು ನನಗೆ ಬಹಳ ನೋವಿನ ವಿಷಯ.

ಇದರ ಪರಿಣಾಮ ತರಗತಿಯಲ್ಲಿ ಮುಗಿಯುವುದಿಲ್ಲ. ಕೇಂದ್ರ ಸರ್ಕಾರದ 2006ರ ಅಧಿಸೂಚನೆಯ ಪ್ರಕಾರ ಗಣಿ, ಅಣೆಕಟ್ಟು, ಹೆದ್ದಾರಿಯಂಥ ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕು. ಅದಕ್ಕೆ ಪರಿಸರ ಪರಿಣಾಮದ ಅಧ್ಯಯನ ವರದಿ ಬೇಕು. ಆ ವರದಿಗೆ ಜಾಗದ ಗಿಡ, ಪ್ರಾಣಿ, ನೀರು, ಗಾಳಿಯ ವಿವರ ತುಂಬುವವರು ಹೆಚ್ಚಾಗಿ ಎಂಎಸ್‌ಸಿ ಮುಗಿಸಿ ಸಲಹಾ ಸಂಸ್ಥೆ ಸೇರಿದ ಯುವಕ ಯುವತಿಯರು. ಅವರಿಗೆ ಹುಲ್ಲು ಗುರುತಿಸಲು ಬಾರದಿದ್ದರೆ ಹುಲ್ಲುಗಾವಲು ‘ಪಾಳುಭೂಮಿ’ ಆಗುತ್ತದೆ. ಮಳೆಗಾಲದಲ್ಲಿ ಹೋಗದಿದ್ದರೆ ಕಪ್ಪೆಗಳ ಪಟ್ಟಿ ಖಾಲಿ ಇರುತ್ತದೆ. ಮಹಾರಾಷ್ಟ್ರದ ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ ರಷ್ಯಾದ ಗಣಿಯೊಂದರ ವರದಿಯ ಭಾಗಗಳು ನುಸುಳಿದ್ದು ಬಯಲಾದಾಗ ದೇಶ ಬೆಚ್ಚಿತ್ತು. ಅಂಥ ಕಾಗದಗಳ ಮೇಲೆ ಕಾಡು ಉಳಿಯುವುದೋ ಹೋಗುವುದೋ ತೀರ್ಮಾನವಾಗುತ್ತದೆ. ಆದ್ದರಿಂದ ಒಬ್ಬ ವಿದ್ಯಾರ್ಥಿ ಗಿಡದ ಹೆಸರು ಕಲಿತನೇ ಇಲ್ಲವೇ ಎಂಬುದು ಅವನ ಅಂಕಪಟ್ಟಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ.

ಹಾಗಾದರೆ ಎಲ್ಲಿ ಓದಬೇಕು? ನಮ್ಮ ರಾಜ್ಯ ಈ ವಿಷಯದಲ್ಲಿ ಬಡವಾಗಿಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಪಕ್ಕದಲ್ಲೇ ಭದ್ರಾ ಅಭಯಾರಣ್ಯವಿದೆ, ಅಲ್ಲಿ ಪರಿಸರ ವಿಜ್ಞಾನವೂ ವನ್ಯಜೀವಿ ನಿರ್ವಹಣೆಯೂ ಪ್ರತ್ಯೇಕ ವಿಭಾಗಗಳು. ಮೈಸೂರಿನ ಮಾನಸಗಂಗೋತ್ರಿಗೆ ಕುಕ್ಕರಹಳ್ಳಿ ಕೆರೆಯೇ ತೆರೆದ ಪ್ರಯೋಗಾಲಯ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಿಂದ ಕಡಲೂ ಹತ್ತಿರ, ಘಟ್ಟವೂ ಹತ್ತಿರ. ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳಿಗೆ ಸಿಇಟಿ ಮೂಲಕ ಸೇರಬಹುದು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ವನ್ಯಜೀವಿ ಜೀವವಿಜ್ಞಾನದ ಎಂಎಸ್‌ಸಿ ಇದೆ. ಅದರಲ್ಲಿ ಸೀಟು ಬೆರಳೆಣಿಕೆಯಷ್ಟು, ವಿದ್ಯಾರ್ಥಿಗಳು ಕಾಡಿನಲ್ಲಿ ಕಳೆಯುವ ದಿನ ಬಹಳ. ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಯಲ್ಲಿ ಇಂಥ ಕೋರ್ಸ್ 1988ರಿಂದ ನಡೆದಿದೆ. ಪಿಎಚ್‌ಡಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರ ಮತ್ತು ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ ಎರಡೂ ಬೆಂಗಳೂರಿನಲ್ಲೇ ಇವೆ.

ವಿಭಾಗದ ಹಲಗೆ ನೋಡಿ ಮೋಸಹೋಗಬಾರದು ಎಂಬುದಕ್ಕೂ ಮೈಸೂರೇ ಉದಾಹರಣೆ. ಶಿರಸಿ–ಹೊನ್ನಾವರ ಕಾಡುಗಳಲ್ಲಿ ಸಿಂಗಳೀಕಗಳ 32 ಗುಂಪುಗಳನ್ನು ಪತ್ತೆಹಚ್ಚಿ, ಅದು ಈ ಕೋತಿಯ ಅತಿ ದೊಡ್ಡ ನೆಲೆಗಳಲ್ಲಿ ಒಂದೆಂದು ತೋರಿಸಿದ ಎಚ್.ಎನ್. ಕುಮಾರ ಅವರು ಈ ಅಧ್ಯಯನದ ವಿದ್ಯೆ ಕಲಿತದ್ದು ಮೈಸೂರು ವಿಶ್ವವಿದ್ಯಾಲಯದ ಮೇವಾ ಸಿಂಗ್ ಅವರ ಬಳಿ, ಅದೂ ಮನಃಶಾಸ್ತ್ರ ವಿಭಾಗದ ಪ್ರಯೋಗಾಲಯದಲ್ಲಿ. ಆ ಸಮೀಕ್ಷೆಗಳ ಬೆನ್ನಿಗೆ ಅಘನಾಶಿನಿ ಕಣಿವೆಯ ಕಾಡು 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲಾಯಿತು.

ಗಣಿತಕ್ಕೆ ಹೆದರಿ ಜೀವವಿಜ್ಞಾನಕ್ಕೆ ಬರುವವರಿಗೆ ಒಂದು ಮಾತು ಮೊದಲೇ ಹೇಳಬೇಕು. ಇಲ್ಲಿ ಗಣಿತ ತಪ್ಪಿಸಿಕೊಳ್ಳಲು ಬರುವುದಿಲ್ಲ. ದಶಕಗಳ ಕಾಲ ದೇಶದಲ್ಲಿ ಹುಲಿ ಎಣಿಸುತ್ತಿದ್ದುದು ಹೆಜ್ಜೆಗುರುತಿನಿಂದ. ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಆಮೇಲೆ ವನ್ಯಜೀವಿ ವಿಜ್ಞಾನಕ್ಕೆ ಹೊರಳಿದ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಪ್ರತಿ ಹುಲಿಯನ್ನೂ ಪಟ್ಟೆಯಿಂದ ಗುರುತಿಸಿ, ಮತ್ತೆ ಮತ್ತೆ ಕಾಣಿಸಿಕೊಂಡವುಗಳ ಪ್ರಮಾಣದಿಂದ ಕಾಣದೇ ಉಳಿದವುಗಳನ್ನೂ ಅಂದಾಜು ಮಾಡುವ ಸಂಖ್ಯಾಶಾಸ್ತ್ರದ ವಿಧಾನ ತಂದರು. ಹೆಜ್ಜೆಗುರುತಿನ ಲೆಕ್ಕ ನೆಚ್ಚಿಕೊಂಡಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಯೇ ಉಳಿದಿಲ್ಲವೆಂದು 2005ರಲ್ಲಿ ಗೊತ್ತಾದ ಮೇಲೆ ದೇಶದ ಗಣತಿಯ ವಿಧಾನವೂ ಬದಲಾಯಿತು. ಬಿಎಸ್‌ಸಿಯಲ್ಲೇ ಸಂಖ್ಯಾಶಾಸ್ತ್ರ ಕಲಿಯಿರಿ. ಆರ್ ಎಂಬ ಸಾಫ್ಟ್‌ವೇರ್ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ.

‘ಮುಂದೇನು’ ಎಂದ ಬಂಧುವಿನ ಪ್ರಶ್ನೆಗೂ ನೇರ ಉತ್ತರ ಕೊಡಬೇಕು. ದಾರಿಗಳಿವೆ, ಹೆದ್ದಾರಿಯಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ, ನೀರು ಪರೀಕ್ಷೆಯ ಪ್ರಯೋಗಾಲಯಗಳು, ಕಾರ್ಖಾನೆಗಳ ಪರಿಸರ ವಿಭಾಗ, ಸಲಹಾ ಸಂಸ್ಥೆಗಳು, ಅಧ್ಯಾಪನ, ಸಂಶೋಧನೆ. ನೆಟ್ ಪರೀಕ್ಷೆಯಲ್ಲಿ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ಸಿಕ್ಕಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಯೋಜನೆಗಳ ಮೇಲಿನ ಕೆಲಸಗಳು ಹೆಚ್ಚಾಗಿ ಗುತ್ತಿಗೆಯವು, ಕೆಲವು ವರ್ಷ ಕಷ್ಟ ಇರುತ್ತದೆ. ಭಾರತೀಯ ಅರಣ್ಯ ಸೇವೆಯ ಕನಸಿರುವವರು ಒಂದು ನಿಯಮ ಗಮನಿಸಬೇಕು. ಅದರ ಅರ್ಹತೆಯ ಪಟ್ಟಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಸಂಖ್ಯಾಶಾಸ್ತ್ರ ಮುಂತಾದವು ಇವೆ, ಪರಿಸರ ವಿಜ್ಞಾನ ಎಂಬ ಹೆಸರಿಲ್ಲ. ಪದವಿಯಲ್ಲಿ ಪರಿಸರ ವಿಜ್ಞಾನದ ಜೊತೆ ಆ ಪಟ್ಟಿಯ ಒಂದು ವಿಷಯವನ್ನಾದರೂ ಇಟ್ಟುಕೊಳ್ಳುವುದು ಜಾಣತನ.

ಹಳ್ಳಿಯಿಂದ, ಕನ್ನಡ ಮಾಧ್ಯಮದಿಂದ ಬರುವ ವಿದ್ಯಾರ್ಥಿಗಳು ಇಂಗ್ಲಿಷ್ ಪಠ್ಯದ ಮುಂದೆ ಕುಗ್ಗುವುದನ್ನು ಎಲ್ಲ ಕಡೆ ಕಾಣುತ್ತೇವೆ. ಅವರು ಕುಗ್ಗಬೇಕಾಗಿಲ್ಲ. ಮತ್ತಿ, ಕಿಂದಳ, ಕಳಲೆ, ಜಡ್ಡಿ ಗೊತ್ತಿರುವವರು ಮೊದಲ ದಿನವೇ ಅರ್ಧ ಪಾಠ ಕಲಿತು ಬಂದಿರುತ್ತಾರೆ. ಉಳಿದರ್ಧವನ್ನು, ಅಂದರೆ ಲ್ಯಾಟಿನ್ ಹೆಸರು ಮತ್ತು ಲೆಕ್ಕವನ್ನು, ಕಲಿಸುವುದು ಅಧ್ಯಾಪಕರ ಹೊಣೆ. ಆ ಹೊಣೆ ಹೊರಲು ಅವರಿಗೆ ಬಸ್ಸಿನ ಖರ್ಚು, ಖಾಯಂ ಹುದ್ದೆ, ಹರ್ಬೇರಿಯಂ ನೋಡಿಕೊಳ್ಳುವ ಒಬ್ಬ ಸಿಬ್ಬಂದಿ ಬೇಕು. ಕ್ಷೇತ್ರಕಾರ್ಯದ ಹಣ ಬಜೆಟ್ಟಿನಲ್ಲಿ ಮೊದಲು ಕತ್ತರಿಸುವ ಬಾಬತ್ತಾಗಬಾರದು.

ಪ್ರವೇಶಕ್ಕೆ ಹೊರಟಿರುವ ವಿದ್ಯಾರ್ಥಿಗಳಲ್ಲಿ, ಅವರ ತಂದೆತಾಯಿಗಳಲ್ಲಿ ನನ್ನ ಕೋರಿಕೆ ಇಷ್ಟು. ಕಾಲೇಜಿಗೆ ಹೋದಾಗ ಕಟ್ಟಡ, ಕ್ಯಾಂಟೀನು ನೋಡಿದ ಮೇಲೆ ವಿಭಾಗಕ್ಕೆ ಹೋಗಿ. ಕಳೆದ ವರ್ಷ ಮಕ್ಕಳು ಎಷ್ಟು ದಿನ ಹೊರಗೆ ಹೋಗಿದ್ದರು, ಎಲ್ಲಿಗೆ, ಯಾರ ಜೊತೆ ಎಂದು ಕೇಳಿ. ಹರ್ಬೇರಿಯಂ ಕಪಾಟು ತೆಗೆಸಿ, ಕೊನೆಯ ಹಾಳೆಯ ಮೇಲಿನ ದಿನಾಂಕ ನೋಡಿ. ಇತ್ತೀಚಿನದಾಗಿದ್ದರೆ ನಿಶ್ಚಿಂತೆಯಿಂದ ಶುಲ್ಕ ಕಟ್ಟಿ.